ಕಟ್ಟೆಯ ನೀರು, ಜಾಲಿಯ ನೆರಳು: ಭರತಪುರದ ಘನಾ ಉಳಿದು ಬಂದ ಬಗೆ

1938ರ ನವೆಂಬರ್ 12. ಇಂದಿನ ರಾಜಸ್ಥಾನದ ಪೂರ್ವದಂಚಿನಲ್ಲಿರುವ ಭರತಪುರ ಸಂಸ್ಥಾನದ ಜೌಗುನೆಲದಲ್ಲಿ ಅಂದು ಬೆಳಗಿನಿಂದಲೇ ಕೋವಿಗಳ ಸದ್ದು. ವೈಸ್‌ರಾಯ್ ಲಾರ್ಡ್ ಲಿನ್‌ಲಿತ್‌ಗೋ ಮಹಾರಾಜರ ಅತಿಥಿಯಾಗಿ ಬಾತುಗಳ ಬೇಟೆಗೆ ಬಂದಿದ್ದರು. ಗುಂಡಿನ ಸದ್ದಿಗೆ ಬೆಚ್ಚಿದ ಹಕ್ಕಿಗಳು ಒಂದು ಕೊಳದಿಂದೆದ್ದು ಇನ್ನೊಂದಕ್ಕೆ ಹಾರುತ್ತಿದ್ದವು. ಅಲ್ಲಿಯೂ ಕೋವಿ ಹಿಡಿದವರು ಕಾದು ಕುಳಿತಿದ್ದರು. ಸಂಜೆ ಲೆಕ್ಕ ಹಾಕಿದಾಗ ಬಿದ್ದ ಹಕ್ಕಿಗಳ ಸಂಖ್ಯೆ 4,273.

ಆ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿಸಿಡಲಾಯಿತು. ಕೇವಲಾದೇವನ ಗುಡಿಯ ಬಳಿ ನಿಂತಿರುವ ಆ ಫಲಕಗಳಲ್ಲಿ ಬೇಟೆಯ ದಿನ, ಮುಖ್ಯ ಅತಿಥಿಯ ಹೆಸರು, ಕೋವಿಗಳ ಸಂಖ್ಯೆ, ಸತ್ತ ಹಕ್ಕಿಗಳ ಸಂಖ್ಯೆ ಎಲ್ಲವೂ ಸಾಲಾಗಿ ಇವೆ. 1914ರಲ್ಲಿ ಲಾರ್ಡ್ ಹಾರ್ಡಿಂಜ್ ಬಂದಾಗ 4,062. 1916ರಲ್ಲಿ ಲಾರ್ಡ್ ಚೆಮ್ಸ್‌ಫರ್ಡ್ ಬಂದಾಗ 4,206. ಇಂದು ದುರ್ಬೀನು ಹಿಡಿದು ಹಕ್ಕಿ ನೋಡಲು ಬಂದವರು ಈ ಫಲಕಗಳ ಮುಂದೆ ನಿಂತು ಓದುತ್ತಾರೆ, ಓದುತ್ತಾ ಮೌನವಾಗುತ್ತಾರೆ.

ಒಂದೇ ದಿನದಲ್ಲಿ ನಾಲ್ಕು ಸಾವಿರ ಬಾತುಗಳು ಬೀಳಬೇಕಾದರೆ ಅಲ್ಲಿ ಎಷ್ಟು ಸಾವಿರ ಬಾತುಗಳು ಇಳಿದಿದ್ದಿರಬೇಕು! ಅಷ್ಟು ಹಕ್ಕಿಗಳು ಇಳಿಯಲು ಅಲ್ಲಿ ಎಷ್ಟು ನೀರು, ಎಷ್ಟು ಮೀನು, ಎಷ್ಟು ಜೊಂಡು, ಎಷ್ಟು ನೆರಳು ಇದ್ದಿರಬೇಕು! ಅದನ್ನೆಲ್ಲ ಯಾರು ಒದಗಿಸಿದರು, ಮುಂದೆ ಯಾರು ಕಸಿದುಕೊಂಡರು, ಯಾರು ಮರಳಿ ತಂದರು ಎಂಬುದೇ ಭರತಪುರದ ಘನಾ ಕಾಡಿನ ನಿಜವಾದ ಚರಿತ್ರೆ. ಕೋವಿ, ನೇಗಿಲು, ಬೇಲಿ, ಅಣೆಕಟ್ಟು ಒಂದಾದ ಮೇಲೊಂದರಂತೆ ಈ 29 ಚದರ ಕಿಲೋಮೀಟರಿನ ನೆಲವನ್ನು ಪರೀಕ್ಷೆಗೆ ಒಡ್ಡಿದವು. ಪ್ರತಿ ಸಲವೂ ಅದರ ಗತಿ ನಿರ್ಧಾರವಾದದ್ದು ಸುತ್ತಲಿನ ಮನುಷ್ಯರು ಏನು ಮಾಡಿದರು ಎಂಬುದರ ಮೇಲೆ.

ಕಟ್ಟೆ ಹುಟ್ಟಿಸಿದ ಕಾಡು

ಭರತಪುರ ಇರುವುದು ಆಗ್ರಾದಿಂದ ಸುಮಾರು 50 ಕಿಲೋಮೀಟರ್ ಪಶ್ಚಿಮಕ್ಕೆ. ಮಳೆಗಾಲದಲ್ಲಷ್ಟೇ ತುಂಬಿ ಹರಿಯುವ ಗಂಭೀರ್ ಮತ್ತು ಬಾಣಗಂಗಾ ನದಿಗಳು ಈ ಬಯಲಿಗೆ ಬಂದು ಇಳಿಜಾರು ಸಿಗದೆ ಹರಡಿಕೊಳ್ಳುತ್ತವೆ. ಊರು ತಗ್ಗಿನಲ್ಲಿದೆ. ಹಾಗಾಗಿ ಒಳ್ಳೆಯ ಮಳೆಯಾದ ವರ್ಷಗಳಲ್ಲಿ ನೆರೆ ಬಾಗಿಲಿಗೇ ಬರುತ್ತಿತ್ತು.

18ನೇ ಶತಮಾನದಲ್ಲಿ ಜಾಟರ ರಾಜ ಸೂರಜ್‌ಮಲ್ ಇದಕ್ಕೆ ಕಟ್ಟೆಯ ಮೂಲಕ ಉತ್ತರ ಕಂಡುಕೊಂಡ. ಮುಂದೆ 1805ರಲ್ಲಿ ಬ್ರಿಟಿಷ್ ಸೇನಾಪತಿ ಲಾರ್ಡ್ ಲೇಕ್‌ನ ದಾಳಿಗಳನ್ನು ಹಿಮ್ಮೆಟ್ಟಿಸಿದ ಲೋಹಾಗಢದ ಮಣ್ಣಿನ ಕೋಟೆಯನ್ನು ಕಟ್ಟಿಸಿದ್ದೂ ಅವನೇ. ನೆರೆಯ ನೀರನ್ನು ಊರಿನ ಹೊರಗೇ ತಡೆಯಲು ಅಜಾನ್ ಕಟ್ಟೆ ಎದ್ದಿತು. ಕಟ್ಟೆಗೆ ಮಣ್ಣು ತೆಗೆದ ಕಡೆ ತಗ್ಗು ಇನ್ನಷ್ಟು ಆಳವಾಯಿತು. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲತೊಡಗಿತು, ಸುತ್ತ ಕರಿಜಾಲಿ, ನೇರಳೆ, ಬನ್ನಿ, ಕದಂಬದ ಜಾತಿಯ ಮರಗಳು ಬೆಳೆದವು. ಮರ ದಟ್ಟವಾಗಿದ್ದುದರಿಂದ ಊರವರು ಅದನ್ನು ಘನಾ ಎಂದರು. ನಡುವೆ ಕೇವಲಾದೇವ ಎಂಬ ಹೆಸರಿನ ಶಿವನ ಗುಡಿ. ಎರಡೂ ಸೇರಿ ಕೇವಲಾದೇವ ಘನಾ ಎಂಬ ಹೆಸರು ನಿಂತಿತು. ಸುತ್ತಲ ಹಳ್ಳಿಗಳ ದನ, ಎಮ್ಮೆಗಳಿಗೆ ಇದೇ ಗೋಮಾಳ. ಸೌದೆ, ಹುಲ್ಲು, ಲಾವಂಚ ಎಲ್ಲವೂ ಇಲ್ಲಿಂದಲೇ ಹೋಗುತ್ತಿದ್ದವು.

ಕಾಡು, ಹುಲ್ಲುಗಾವಲು, ಜೌಗು ಮೂರೂ ಒಂದಕ್ಕೊಂದು ಅಂಟಿಕೊಂಡಿರುವುದೇ ಘನಾದ ವಿಶೇಷ. ನೀರು ನಿಂತ ಕಡೆ ದಿಬ್ಬಗಳ ಮೇಲೆ ಜಾಲಿ ಮರಗಳಿವೆ. ಮುಳ್ಳುಕೊಂಬೆ ಮೇಲಿದ್ದು, ಬುಡದಲ್ಲಿ ನೀರಿರುವುದರಿಂದ ಗೂಡಿಗೆ ನರಿ, ಕಾಡುಬೆಕ್ಕುಗಳು ಸುಲಭವಾಗಿ ಹತ್ತಲಾರವು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿಗಳು ಒಂದೇ ಮರದ ಬೇರೆ ಬೇರೆ ಅಂತಸ್ತುಗಳಲ್ಲಿ ಸಂಸಾರ ಹೂಡುತ್ತವೆ. ಮರಿಗಳ ಹೊಟ್ಟೆ ತುಂಬಿಸುವ ಮೀನು ಅದೇ ಮರದ ಕೆಳಗಿನ ನೀರಿನಲ್ಲಿ ಇರುತ್ತದೆ. ಅಕ್ಟೋಬರ್ ಬಂದರೆ ಮಧ್ಯ ಏಷ್ಯಾ, ಸೈಬೀರಿಯಾಗಳಿಂದ ಬಾತುಗಳು, ಪಟ್ಟೆತಲೆಯ ಹೆಬ್ಬಾತುಗಳು ಇಳಿಯುತ್ತವೆ. ಈವರೆಗೆ ಇಲ್ಲಿ ಕಂಡ ಹಕ್ಕಿಗಳ ಪ್ರಭೇದಗಳು 350ಕ್ಕೂ ಹೆಚ್ಚು.

ಕೋವಿಗಳ ಕಾಲ

ಜೌಗನ್ನು ಲೆಕ್ಕಾಚಾರದ ಬೇಟೆಯ ತಾಣವಾಗಿ ಮಾರ್ಪಡಿಸಿದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಕಾಠಿಯಾವಾಡದ ಮೋರ್ವಿ ರಾಜಮನೆತನದ ಹರಭಾಮ್‌ಜಿ ಆಗ ಭರತಪುರದ ಆಡಳಿತದಲ್ಲಿದ್ದರು. ಅಜಾನ್ ಕಟ್ಟೆಯಿಂದ ಘನಾಕ್ಕೆ ಕಾಲುವೆ ತೆಗೆದು, ತಗ್ಗನ್ನು ಸಣ್ಣ ಸಣ್ಣ ಏರಿಗಳಿಂದ ಭಾಗ ಮಾಡಿ, ತೂಬುಗಳಿಂದ ನೀರನ್ನು ಹತೋಟಿಯಲ್ಲಿಡುವ ಏರ್ಪಾಟು ರೂಪುಗೊಂಡಿತು. ಏರಿಗಳ ಮೇಲೆ ನಡೆಯುವ ದಾರಿ, ನೀರಿನ ನಡುವೆ ಬೇಟೆಗಾರರು ಅಡಗಿ ಕೂರುವ ಜಾಗಗಳು ಸಿದ್ಧವಾದವು. 1902ರಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ಮೊದಲ ದೊಡ್ಡ ಬೇಟೆ ನಡೆಯಿತು. ಅಲ್ಲಿಂದಾಚೆಗೆ ಭರತಪುರದ ಆಮಂತ್ರಣ ಬಂದರೆ ಅದೊಂದು ಗೌರವವೆಂದೇ ಬ್ರಿಟಿಷ್ ಅಧಿಕಾರಿಗಳು ಎಣಿಸುತ್ತಿದ್ದರು. ರಾಜಕೀಯದ ಮಾತುಕತೆಗಳಿಗೂ ಬಾತುಗಳ ಬೇಟೆಯೇ ನೆಪವಾಯಿತು.

ಬೇಟೆಗೆಂದೇ ಕಾಪಾಡಿದ ಜೌಗಿನ ನೀರನ್ನು ಸಂಸ್ಥಾನ ಕಟ್ಟುನಿಟ್ಟಾಗಿ ನೋಡಿಕೊಂಡಿತು. ಕಾವಲುಗಾರರಿದ್ದರು. ಮರ ಕಡಿಯುವುದಕ್ಕೆ, ನೀರು ತಿರುಗಿಸುವುದಕ್ಕೆ ಅಡ್ಡಿ ಇತ್ತು. ಬೇಟೆಯ ಕೆಲವು ದಿನಗಳನ್ನು ಬಿಟ್ಟರೆ ಉಳಿದ ಕಾಲದಲ್ಲಿ ಹಕ್ಕಿಗಳಿಗೆ ನೆಮ್ಮದಿ. ಗೂಡು ಕಟ್ಟುವ ಕೊಕ್ಕರೆಗಳತ್ತ ಕೋವಿ ತಿರುಗುತ್ತಿರಲಿಲ್ಲ, ಅವು ಬೇಟೆಯ ಲೆಕ್ಕಕ್ಕೆ ಸೇರಿರಲಿಲ್ಲ. ಸಾವಿರಾರು ಬಾತುಗಳನ್ನು ಕೊಂದ ಅದೇ ಏರ್ಪಾಟಿನಿಂದಾಗಿ, ಗಂಗಾ ಬಯಲಿನ ಬೇರೆ ಎಷ್ಟೋ ಜೌಗುಗಳು ಹೊಲವಾಗಿ ಹೋದ ಕಾಲದಲ್ಲೂ ಘನಾ ಘನಾವಾಗಿಯೇ ನಿಂತಿತು.

ನೇಗಿಲಿನ ಬೇಡಿಕೆ

1947ರ ನಂತರ ಸಂಸ್ಥಾನ ಹೋಯಿತು. ಊಟಕ್ಕೆ ಧಾನ್ಯ ಸಾಲದೆ ದೇಶ ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ದಿನಗಳು ಅವು. ಭೂಮಿ ಇಲ್ಲದ ರೈತರ ಕಣ್ಣಿಗೆ ರಾಜನ ಬೇಟೆಗೆಂದು ನೀರು ನಿಲ್ಲಿಸಿದ ಘನಾ ಬಿದ್ದಿತು. ನೀರನ್ನು ಬಸಿದು, ಕಾಡು ಕಡಿದು, ನೆಲವನ್ನು ಹಂಚಿರಿ ಎಂಬ ಕೂಗು ಎದ್ದಿತು. ಹಸಿದವರ ಈ ಬೇಡಿಕೆಯನ್ನು ತಪ್ಪೆನ್ನಲು ಬರುವುದಿಲ್ಲ. ಅದು ಈಡೇರಿದ್ದರೆ ಕೆಲವೇ ವರ್ಷಗಳಲ್ಲಿ ಘನಾದ ಗುರುತೂ ಉಳಿಯುತ್ತಿರಲಿಲ್ಲ.

ಆಗ ನಡುವೆ ನಿಂತವರು ಸಲೀಂ ಅಲಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಈ ಹಕ್ಕಿತಜ್ಞರಿಗೆ ಭರತಪುರದ ಪ್ರತಿಯೊಂದು ಏರಿಯ ಪರಿಚಯವಿತ್ತು. ಅವರು ಪ್ರಧಾನಿ ಜವಾಹರಲಾಲ್ ನೆಹರೂ ಅವರ ಬಳಿಗೇ ಹೋಗಿ ವಿಷಯವನ್ನು ಮುಟ್ಟಿಸಿದರು. ನೆಹರೂ ಒಪ್ಪಿದರು. ಘನಾ ಉಳಿಯಿತು. 1956ರ ಮಾರ್ಚ್‌ನಲ್ಲಿ ಅದು ಪಕ್ಷಿಧಾಮವಾಯಿತು. ಆದರೂ ಮಾಜಿ ಮಹಾರಾಜರ ಬೇಟೆಯ ಹಕ್ಕು ಕೂಡಲೇ ಹೋಗಲಿಲ್ಲ. 1960ರ ದಶಕದ ನಡುವಿನ ತನಕ ಗಣ್ಯರಿಗಾಗಿ ದೊಡ್ಡ ಬೇಟೆಗಳು ನಡೆದವು. ಆ ಹಕ್ಕು ಪೂರ್ತಿ ರದ್ದಾದದ್ದು 1972ರಲ್ಲಿ.

ಸಲೀಂ ಅಲಿ ಅವರಿಗೆ ಇಂಥ ಕೆಲಸ ಹೊಸದಾಗಿರಲಿಲ್ಲ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ಕಂಡು ಅವುಗಳ ರಕ್ಷಣೆಗೆ ಅರಸರ ಗಮನ ಸೆಳೆದಿದ್ದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅಲ್ಲಿನ ನಡುಗಡ್ಡೆಗಳೂ 17ನೇ ಶತಮಾನದಲ್ಲಿ ನದಿಗೆ ಅಡ್ಡ ಕಟ್ಟಿದ ಒಡ್ಡಿನಿಂದ ಉಂಟಾದವು. ಮನುಷ್ಯ ತನ್ನ ಅಗತ್ಯಕ್ಕೆ ನೀರು ನಿಲ್ಲಿಸಿದ ಕಡೆ ಹಕ್ಕಿಗಳು ಬಂದು ನೆಲೆಸಿದ್ದು ಎರಡೂ ತಾಣಗಳಲ್ಲಿ ಒಂದೇ ರೀತಿ.

ಮಲೆನಾಡಿನ ಜ್ವರ, ಭರತಪುರದ ಉಂಗುರ

ಘನಾಕ್ಕೂ ಕರ್ನಾಟಕಕ್ಕೂ ಇನ್ನೊಂದು ನಂಟು ಬೆಸೆದದ್ದು ಒಂದು ಕಾಯಿಲೆಯಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋದವರಿಗೆ ತೀವ್ರ ಜ್ವರ ಬಂದಿತು, ಜನರೂ ಸತ್ತರು. ಮಲೆನಾಡು ಇಂದಿಗೂ ಮಂಗನ ಕಾಯಿಲೆ ಎಂದು ಹೆದರುವುದು ಇದಕ್ಕೇ. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಹುಡುಕಿದ ವೈರಾಣು ಉಣ್ಣೆಯಿಂದ ಹರಡುವುದೆಂದು, ರಷ್ಯಾದ ಕಾಡುಗಳಲ್ಲಿ ಕಾಣುವ ಮಿದುಳುಜ್ವರದ ವೈರಾಣುವಿಗೆ ಹತ್ತಿರದ ಸಂಬಂಧಿಯೆಂದು ತಿಳಿಯಿತು. ಹಾಗಾದರೆ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳೇ ಇದನ್ನು ಉತ್ತರದಿಂದ ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು.

ಅದನ್ನು ಪರೀಕ್ಷಿಸಲು ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಹಣದಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ಇಳಿಯಿತು. ಅದರ ಮುಖ್ಯ ಶಿಬಿರಗಳಲ್ಲಿ ಭರತಪುರವೂ ಒಂದು. ಬಿಹಾರದ ಮೀರ್‌ಶಿಕಾರಿ ಸಮುದಾಯದ ಬಲೆಗಾರರು ಇಲ್ಲಿಗೆ ಬಂದರು. ತಲೆಮಾರುಗಳಿಂದ ಹಕ್ಕಿ ಹಿಡಿದು ಮಾರುತ್ತಿದ್ದ ಅವರ ಕೈಚಳಕ ಈಗ ಹಕ್ಕಿಗೆ ನೋವಾಗದಂತೆ ಹಿಡಿದು, ಉಂಗುರ ತೊಡಿಸಿ ಬಿಡುವುದಕ್ಕೆ ಒದಗಿತು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಮುಂದೆ ಸೋವಿಯತ್ ಒಕ್ಕೂಟದ ದೂರದೂರದ ಪ್ರದೇಶಗಳಲ್ಲಿ ಸಿಕ್ಕವು.

ಮಂಗನ ಕಾಯಿಲೆಯನ್ನು ಹಕ್ಕಿಗಳು ತಂದವು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಅದರ ಬದಲು, ಭಾರತದ ಒಂದು ಸಣ್ಣ ಜೌಗು ಎಷ್ಟು ದೊಡ್ಡ ಭೂಭಾಗದ ಹಕ್ಕಿಗಳಿಗೆ ಚಳಿಗಾಲದ ಮನೆಯೆಂಬುದಕ್ಕೆ ಕೈಯಲ್ಲಿ ಹಿಡಿದು ತೋರಿಸುವಂಥ ಸಾಕ್ಷಿ ಸಿಕ್ಕಿತು. 1981ರಲ್ಲಿ ಭಾರತ ಮೊದಲ ಬಾರಿಗೆ ತನ್ನ ಎರಡು ಜೌಗುಪ್ರದೇಶಗಳನ್ನು ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದಾಗ ಒಡಿಶಾದ ಚಿಲಿಕಾದ ಜೊತೆ ಕೇವಲಾದೇವವೂ ಇತ್ತು. 1985ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಮಾನ್ಯ ಮಾಡಿತು.

1982: ಬೇಲಿ ಮತ್ತು ಎಮ್ಮೆ

ಈ ಎರಡು ಗೌರವಗಳ ನಡುವಿನ ವರ್ಷದಲ್ಲಿ ಘನಾದ ಚರಿತ್ರೆಯ ಅತಿ ನೋವಿನ ಘಟನೆ ನಡೆಯಿತು.

ಪಕ್ಷಿಧಾಮವಾದ ಮೇಲೂ ಸುತ್ತಲ ಹಳ್ಳಿಗಳ ಸಾವಿರಾರು ಎಮ್ಮೆ, ದನಗಳು ಒಳಗೆ ಮೇಯುತ್ತಿದ್ದವು. ಆಘಾಪುರ, ಜಾಟೋಲಿ, ಮಲ್ಲಾಹ ಮುಂತಾದ ಹಳ್ಳಿಗಳ ಮನೆಗಳಲ್ಲಿ ಹಾಲು, ಬೆರಣಿ, ಸೌದೆ ಎಲ್ಲಕ್ಕೂ ಘನಾವೇ ಆಸರೆ. ಹಕ್ಕಿತಜ್ಞರಿಗೆ, ಅಧಿಕಾರಿಗಳಿಗೆ ಈ ಎಮ್ಮೆಗಳು ಕಣ್ಣು ಚುಚ್ಚುತ್ತಿದ್ದವು. ಅವು ಹುಲ್ಲು ತಿಂದು, ನೀರು ಕಲಕಿ, ಗಿಡ ತುಳಿದು ಹಕ್ಕಿಗಳ ನೆಲೆ ಕೆಡಿಸುತ್ತವೆ ಎಂಬುದು ಆಗ ಎಲ್ಲರೂ ಒಪ್ಪಿದ ಮಾತು. ಸ್ವತಃ ಸಲೀಂ ಅಲಿ ಮತ್ತು ಅವರ ಸಂಸ್ಥೆ ಕೂಡ ಮೇವಿನ ನಿಷೇಧದ ಪರವಾಗಿದ್ದರು. ಸುತ್ತ ಕಲ್ಲಿನ ಗೋಡೆ ಎದ್ದಿತು. 1982ರಲ್ಲಿ ಘನಾ ರಾಷ್ಟ್ರೀಯ ಉದ್ಯಾನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಜಾನುವಾರು ಮೇಯಿಸುವಂತಿಲ್ಲ.

ಆ ವರ್ಷದ ನವೆಂಬರ್‌ನಲ್ಲಿ ನಿಷೇಧ ಜಾರಿಗೆ ಬಂದಿತು. ಬದಲಿ ಮೇವಿನ ವ್ಯವಸ್ಥೆ ಆಗಿರಲಿಲ್ಲ, ಹಳ್ಳಿಯವರೊಡನೆ ಕೂತು ಮಾತಾಡಿ ಒಪ್ಪಿಸುವ ಕೆಲಸವೂ ನಡೆದಿರಲಿಲ್ಲ. ತಲೆಮಾರುಗಳಿಂದ ಬಂದ ಹಕ್ಕು ಒಂದು ಬೆಳಗಿಗೆ ಅಪರಾಧವಾಯಿತು. ಎಮ್ಮೆಗಳನ್ನು ಹೊಡೆದುಕೊಂಡು ಗುಂಪಾಗಿ ಬಂದ ಜನರಿಗೂ ಪೊಲೀಸರಿಗೂ ಘರ್ಷಣೆಯಾಯಿತು. ಪೊಲೀಸರು ಗುಂಡು ಹಾರಿಸಿದರು. ಹಳ್ಳಿಯ ಹಲವರು ಸತ್ತರು.

ಬಾತುಗಳಿಗೆ ಗುರಿಯಿಟ್ಟ ಕೋವಿ ನಿಂತು ಹತ್ತು ವರ್ಷಗಳಾಗಿತ್ತಷ್ಟೇ. ಹಕ್ಕಿಗಳನ್ನು ಉಳಿಸುವ ಹೆಸರಿನಲ್ಲಿ ಮನುಷ್ಯರ ಜೀವ ಹೋಯಿತು. ಕಲ್ಲಿನ ಫಲಕಗಳಲ್ಲಿ ಈ ಲೆಕ್ಕ ಕೆತ್ತಿಲ್ಲ. ಘನಾದ ಕಥೆ ಹೇಳುವ ಯಾರೂ ಇದನ್ನು ಬಿಟ್ಟು ಹೇಳಬಾರದು.

ಇದೇ ಹೊತ್ತಿನಲ್ಲಿ ಘನಾದೊಳಗೆ ಇನ್ನೊಂದು ಕೆಲಸ ಸದ್ದಿಲ್ಲದೆ ಸಾಗಿತ್ತು. 1980ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇಡೀ ತಾಣದ ಪರಿಸರವನ್ನು ದೀರ್ಘಕಾಲ ಅಧ್ಯಯನ ಮಾಡಲು ತೊಡಗಿತು. ವಿ.ಎಸ್. ವಿಜಯನ್ ಅದರ ಮುಖ್ಯಸ್ಥರು. ನೀರು, ಮೀನು, ಹುಲ್ಲು, ಹೆಬ್ಬಾವು, ಕೊಕ್ಕರೆ, ಬಾತು ಎಲ್ಲವನ್ನೂ ವರ್ಷದಿಂದ ವರ್ಷಕ್ಕೆ ಅಳೆದು, ಎಣಿಸಿ, ದಾಖಲಿಸಿದರು. ಅಧ್ಯಯನದ ಆರಂಭದ ಎರಡು ವರ್ಷ ಎಮ್ಮೆಗಳು ಒಳಗಿದ್ದವು, ಆಮೇಲೆ ಇರಲಿಲ್ಲ. ಎಮ್ಮೆ ಇದ್ದಾಗ ಹೇಗೆ, ಇಲ್ಲದಾಗ ಹೇಗೆ ಎಂದು ಒಂದೇ ನೆಲದಲ್ಲಿ ಹೋಲಿಸಿ ನೋಡುವ ಅವಕಾಶ ಅದರಿಂದ ಸಿಕ್ಕಿತು.

ಸುಮಾರು ಹತ್ತು ವರ್ಷಗಳ ಅಧ್ಯಯನದ ಫಲಿತಾಂಶ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಎಮ್ಮೆಗಳು ಹೋದ ಮೇಲೆ ಪಾಸ್ಪಾಲಂ ಎಂಬ ನೀರುಹುಲ್ಲು ಯಾರ ಅಡ್ಡಿಯೂ ಇಲ್ಲದೆ ಬೆಳೆದು ನೀರಿನ ಮೇಲ್ಮೈಯನ್ನೇ ಮುಚ್ಚಿತು. ಬಾತುಗಳಿಗೆ ಈಜಲು ತೆರೆದ ನೀರು ಕಡಿಮೆಯಾಯಿತು. ಕೊಳೆತ ಹುಲ್ಲು ತಳದಲ್ಲಿ ಸೇರಿ ಕೊಳಗಳು ಹೂಳತೊಡಗಿದವು. ಮೀನುಗಳ ವೈವಿಧ್ಯ ತಗ್ಗಿತು. ಹುಲ್ಲು ಮೇಯ್ದು, ತುಳಿದು, ನೀರನ್ನು ತೆರೆದಿಡುತ್ತಿದ್ದವು ಎಮ್ಮೆಗಳೇ. ಇನ್ನೂರು ವರ್ಷಗಳಿಂದ ಈ ಜೌಗಿನ ಸಮತೋಲದ ಒಂದು ಪಾಲು ಅವುಗಳ ಗೊರಸಿನ ಕೆಳಗಿತ್ತು.

ಸಂಸ್ಥೆ ತಾನೇ ಹಿಂದೆ ಹಿಡಿದಿದ್ದ ನಿಲುವಿಗೆ ವಿರುದ್ಧವಾದ ಈ ಸತ್ಯವನ್ನು ಮುಚ್ಚಿಡಲಿಲ್ಲ. 1991ರ ಅಂತಿಮ ವರದಿಯಲ್ಲಿ ಅದು ಸ್ಪಷ್ಟವಾಗಿದೆ. ಭಾರತದ ವನ್ಯಜೀವಿ ವಿಜ್ಞಾನದಲ್ಲಿ ಇಂಥ ಪ್ರಾಮಾಣಿಕತೆಯ ಉದಾಹರಣೆಗಳು ವಿರಳ. ಆದರೆ ಕಾಯ್ದೆ ಎಮ್ಮೆಗಳನ್ನು ಮತ್ತೆ ಒಳಗೆ ಬಿಡುವಂತಿರಲಿಲ್ಲ. ನಡುದಾರಿಯಾಗಿ ಹಳ್ಳಿಯವರಿಗೆ ಪರವಾನಗಿ ಕೊಟ್ಟು ಹುಲ್ಲು ಕೊಯ್ದು ಒಯ್ಯಲು ಬಿಡಲಾಯಿತು. ಕುಡುಗೋಲು ಎಮ್ಮೆಯ ಕೆಲಸವನ್ನು ಅಷ್ಟಿಷ್ಟು ಮಾಡಿತು. ಕಡಿದ ಹುಲ್ಲಿನ ಹೊರೆ ಹೊತ್ತು ಹೊರಬರುವ ಹೆಂಗಸರ ಸಾಲು ಘನಾದ ಬಾಗಿಲುಗಳಲ್ಲಿ ಮತ್ತೆ ಕಂಡಿತು.

ಬಾರದೇ ಹೋದ ಬಿಳಿ ಕ್ರೌಂಚ

ಘನಾದ ಹೆಸರನ್ನು ಜಗತ್ತಿಗೆ ಮುಟ್ಟಿಸಿದ್ದು ಸೈಬೀರಿಯಾದ ಬಿಳಿ ಕ್ರೌಂಚ. ಮೈಯೆಲ್ಲ ಬಿಳಿ, ಮುಖ ಕೆಂಪು, ರೆಕ್ಕೆಯ ತುದಿ ಕಪ್ಪು. ಪಶ್ಚಿಮ ಸೈಬೀರಿಯಾದ ಓಬ್ ನದಿಯ ಸೀಮೆಯಲ್ಲಿ ಮರಿ ಮಾಡಿ, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತಿತ್ತು. ಭಾರತದಲ್ಲಿ ಅದಕ್ಕೆ ಕೊನೆಗೆ ಉಳಿದ ಆಸರೆ ಭರತಪುರವೊಂದೇ. ಆಳವಿಲ್ಲದ ನೀರಿನಲ್ಲಿ ನಿಂತು, ಉದ್ದ ಕೊಕ್ಕನ್ನು ಕೆಸರಿಗೆ ಇಳಿಸಿ ಜೇಕಿನ ಗೆಡ್ಡೆಗಳನ್ನು ಕಿತ್ತು ತಿನ್ನುವುದು ಅದರ ದಿನಚರಿ.

1960ರ ದಶಕದ ನಡುವೆ ಇಲ್ಲಿಗೆ ಬರುತ್ತಿದ್ದವು ಸುಮಾರು 200. 1970ರ ದಶಕದಲ್ಲಿ ಅಮೆರಿಕದ ಅಂತರರಾಷ್ಟ್ರೀಯ ಕ್ರೌಂಚ ಪ್ರತಿಷ್ಠಾನದ ಸ್ಥಾಪಕರಲ್ಲೊಬ್ಬರಾದ ರಾನ್ ಸೌಯಿ ಇಲ್ಲಿ ಅವುಗಳ ಬದುಕನ್ನು ಅಧ್ಯಯನ ಮಾಡುವ ಹೊತ್ತಿಗೆ ಸಂಖ್ಯೆ ಇಳಿಯುತ್ತಿತ್ತು. 1984-85ರ ಚಳಿಗಾಲದಲ್ಲಿ 41. 1992-93ರಲ್ಲಿ 5. ಮುಂದಿನ ಎರಡು ಚಳಿಗಾಲ ಒಂದೂ ಬರಲಿಲ್ಲ.

ಮುಖ್ಯ ಕಾರಣ ಘನಾದ ಗೋಡೆಗಳಾಚೆ ಇತ್ತು. ಹಾರುವ ದಾರಿಯಲ್ಲಿ ಕ್ರೌಂಚಗಳ ಬೇಟೆ ಹಳೆಯ ರೂಢಿ. 1979ರಿಂದ ಅಫ್ಘಾನಿಸ್ತಾನ ಯುದ್ಧಭೂಮಿಯಾಯಿತು, ಬಂದೂಕುಗಳು ಎಲ್ಲ ಕೈಗಳಿಗೂ ಬಂದವು. ತಂಗುದಾಣವಾಗಿದ್ದ ಆಬ್-ಎ-ಇಸ್ತಾದಾ ಸರೋವರಕ್ಕೂ ಕಷ್ಟ ಬಂದಿತು. ಇತ್ತ ಘನಾದೊಳಗೆ ಹಬ್ಬಿದ ಹುಲ್ಲು ಗೆಡ್ಡೆ ಅಗೆಯುವುದನ್ನು ಇನ್ನಷ್ಟು ಕಷ್ಟವಾಗಿಸಿತು. 1990ರ ದಶಕದಲ್ಲಿ, ಸಾಕಿ ಬೆಳೆಸಿದ ಮರಿಕ್ರೌಂಚಗಳನ್ನು ತಂದು ಇಲ್ಲಿ ಬಿಟ್ಟು, ಕಾಡಿನ ಹಿರಿಯ ಹಕ್ಕಿಗಳ ಜೊತೆ ಅವು ಉತ್ತರಕ್ಕೆ ಹಾರಲಿ ಎಂದು ಪ್ರಯತ್ನಿಸಿದರು. ಅದು ಕೈಗೂಡಲಿಲ್ಲ. ಬೆರಳೆಣಿಕೆಯಷ್ಟು ಹಕ್ಕಿಗಳು ಮತ್ತೆ ಕೆಲವು ವರ್ಷ ಕಾಣಿಸಿಕೊಂಡವು. 2001-02ರ ಚಳಿಗಾಲದಲ್ಲಿ ಬಂದ ಒಂದು ಜೋಡಿಯೇ ಕೊನೆ.

ಈ ಜಾತಿ ಇನ್ನೂ ಬದುಕಿದೆ. ಪೂರ್ವ ಸೈಬೀರಿಯಾದ ಕ್ರೌಂಚಗಳು ಸಾವಿರಗಳ ಲೆಕ್ಕದಲ್ಲಿ ಚೀನಾದ ಪೋಯಾಂಗ್ ಸರೋವರಕ್ಕೆ ಇಳಿಯುತ್ತವೆ. ಭಾರತದ ದಾರಿ ತಿಳಿದಿದ್ದ ಬಳಗ ಮಾತ್ರ ಇಲ್ಲವಾಯಿತು. ಮರಿಗಳು ತಂದೆತಾಯಿಯ ಹಿಂದೆ ಹಾರಿ ದಾರಿ ಕಲಿಯುವ ಹಕ್ಕಿಗಳಿವು. ಕಲಿಸುವವರು ಹೋದ ಮೇಲೆ ದಾರಿಯೂ ಹೋಯಿತು.

ಗಂಭೀರ್ ನದಿಯ ನೀರು ಯಾರದು?

ಘನಾಕ್ಕೆ ವರ್ಷಕ್ಕೆ ಬೇಕಾಗುವ ನೀರು ಸುಮಾರು 55 ಕೋಟಿ ಘನ ಅಡಿ. ಕಾವೇರಿಯ ಲೆಕ್ಕ ಬಲ್ಲ ಕನ್ನಡಿಗರಿಗೆ ಹೇಳುವುದಾದರೆ ಅರ್ಧ ಟಿಎಂಸಿಗಿಂತ ತುಸು ಹೆಚ್ಚು. ಗಂಭೀರ್ ಹರಿದು ಬಂದು ಅಜಾನ್ ಕಟ್ಟೆ ತುಂಬಿದರೆ ಕಾಲುವೆಯಲ್ಲಿ ಈ ನೀರು ಬರುತ್ತಿತ್ತು. ಜೊತೆಗೆ ನದಿಯ ಮೀನುಮರಿಗಳು ಲಕ್ಷಗಟ್ಟಲೆ ಬರುತ್ತಿದ್ದವು. ಕೊಕ್ಕರೆಗಳ ಗೂಡಿನ ಲೆಕ್ಕ ನಿಂತಿರುವುದು ಈ ಮೀನುಮರಿಗಳ ಮೇಲೆ.

ನದಿಯ ಮೇಲ್ಭಾಗದಲ್ಲಿ, ಕರೌಲಿ ಜಿಲ್ಲೆಯಲ್ಲಿ, ಐದು ಹೊಳೆಗಳು ಕೂಡುವ ಜಾಗದಲ್ಲಿ ಪಾಂಚನಾ ಅಣೆಕಟ್ಟು ಬಂದಿತು. 2000ದ ದಶಕದ ಆರಂಭದ ಹೊತ್ತಿಗೆ ಅದು ಪೂರ್ಣ ಎತ್ತರಕ್ಕೆ ನಿಂತಾಗ ಕೆಳಗೆ ಹರಿಯುತ್ತಿದ್ದ ನೀರು ಅಲ್ಲೇ ತಂಗಿತು. 2004ರಲ್ಲಿ ಮಳೆ ಕೈಕೊಟ್ಟಿತು. ಘನಾಕ್ಕೆ ನೀರು ಬಿಡಬೇಕೆಂಬ ಮಾತು ಬಂದಾಗ ಕರೌಲಿಯ ರೈತರು ಸಿಡಿದೆದ್ದರು. ನಮ್ಮ ಹೊಲಗಳು ಒಣಗುತ್ತಿರುವಾಗ ಹಕ್ಕಿಗಳಿಗೆ ನೀರೇ ಎಂದು ಕೇಳಿದರು. ಬಿಟ್ಟ ನೀರು ಯಾತಕ್ಕೂ ಸಾಲಲಿಲ್ಲ. ಮುಂದಿನ ವರ್ಷಗಳಲ್ಲಿ ಘನಾ ಒಣಗುತ್ತಲೇ ಹೋಯಿತು. ಆಮೆಗಳು ಬಿರುಕುಬಿಟ್ಟ ಕೆಸರಿನಲ್ಲಿ ಸಿಕ್ಕಿಕೊಂಡವು, ಜಾಲಿ ಮರಗಳಲ್ಲಿ ಗೂಡುಗಳು ಏಳಲಿಲ್ಲ. 2007ರ ಹೊತ್ತಿಗೆ ವಿಶ್ವ ಪರಂಪರೆಯ ಜೌಗಿನಲ್ಲಿ ಜೌಗೇ ಇರಲಿಲ್ಲ. ಯುನೆಸ್ಕೋದಿಂದ ಎಚ್ಚರಿಕೆಯ ಪ್ರಶ್ನೆಗಳು ಬಂದವು. ನೀರಿನ ಕೊರತೆಯೂ ಸೇರಿದ ಕಾರಣಗಳಿಗಾಗಿ 1990ರಿಂದ ಇದು ರಾಮ್ಸಾರ್ ಒಪ್ಪಂದದ ಅಪಾಯದಂಚಿನ ತಾಣಗಳ ಪಟ್ಟಿಯಲ್ಲೂ ಇತ್ತು. ಇಂದಿಗೂ ಅದರಿಂದ ಹೊರಬಂದಿಲ್ಲ.

ಒಣಗಿದ ನೆಲಕ್ಕೆ ಬಳ್ಳಾರಿ ಜಾಲಿ ನುಗ್ಗಿತು. ಮಧ್ಯ ಅಮೆರಿಕ ಮೂಲದ ಈ ಮುಳ್ಳುಮರ ಕರ್ನಾಟಕದ ಬಯಲುಸೀಮೆಯ ಕೆರೆಯಂಗಳಗಳಲ್ಲಿ ಏನು ಮಾಡಿದೆಯೋ ಘನಾದಲ್ಲೂ ಅದನ್ನೇ ಮಾಡಿತು. ಹುಲ್ಲುಗಾವಲನ್ನು ನುಂಗಿತು, ಒಣ ಕೊಳಗಳ ತಳಕ್ಕೂ ಇಳಿಯಿತು. ಇದನ್ನು ಕಿತ್ತವರು ಸುತ್ತಲ ಹಳ್ಳಿಯವರು. ಅರಣ್ಯ ಇಲಾಖೆ ಪರಿಸರ ಅಭಿವೃದ್ಧಿ ಸಮಿತಿಗಳ ಮೂಲಕ ಕುಟುಂಬಗಳಿಗೆ ಜಾಗ ಹಂಚಿತು. ಬೇರು ಸಮೇತ ಕಿತ್ತರೆ ಸೌದೆ ನಿಮ್ಮದೇ ಎಂಬ ಕರಾರು. 2007ರಿಂದ ಮೊದಲುಗೊಂಡು ಚದರ ಕಿಲೋಮೀಟರುಗಟ್ಟಲೆ ನೆಲ ಹೀಗೆ ತೆರವಾಯಿತು. 1982ರಲ್ಲಿ ಯಾರನ್ನು ಗೋಡೆಯ ಹೊರಗೆ ನಿಲ್ಲಿಸಿದ್ದರೋ ಅದೇ ಹಳ್ಳಿಗಳ ಕೈಗಳು ಕಾಲು ಶತಮಾನದ ನಂತರ ಘನಾವನ್ನು ಈ ಮುಳ್ಳಿನಿಂದ ಬಿಡಿಸಿದವು.

ಘನಾದ ರಿಕ್ಷಾದವರ ಹೆಸರನ್ನೂ ಇಲ್ಲೇ ಹೇಳಬೇಕು. ಒಳಗೆ ಮೋಟಾರು ವಾಹನಗಳ ಓಡಾಟಕ್ಕೆ ಕಡಿವಾಣವಿದೆ, ಸಂದರ್ಶಕರು ರಿಕ್ಷಾದಲ್ಲಿ, ಸೈಕಲ್ಲಿನಲ್ಲಿ ಅಥವಾ ನಡೆದು ಹೋಗುತ್ತಾರೆ. ಹೆಚ್ಚಿನ ರಿಕ್ಷಾದವರು ಸ್ಥಳೀಯ ಸಿಖ್ಖರು. ಅರಣ್ಯ ಇಲಾಖೆಯ ತರಬೇತಿ ಪಡೆದ ಅವರು ಎಲೆಮರೆಯ ಗೂಬೆಯನ್ನೂ ದೂರದ ಗದ್ದೆಯಂಚಿನ ಸಾರಸ ಜೋಡಿಯನ್ನೂ ಬೆರಳು ತೋರಿಸಿ ಹೆಸರು ಹೇಳುತ್ತಾರೆ. ಹಕ್ಕಿಗಳು ಬಾರದ ಬರಗಾಲದಲ್ಲಿ ಮೊದಲು ನಿಂತದ್ದು ಅವರ ದುಡಿಮೆಯೇ.

ಮೂರು ಕಡೆಯ ನೀರು

ಪಾಂಚನಾದ ಒಂದೇ ಆಸರೆ ನಂಬಿದರೆ ಘನಾ ಉಳಿಯದು ಎಂದು ಅರಿತ ಮೇಲೆ ಬೇರೆ ಮೂಲಗಳ ಹುಡುಕಾಟ ನಡೆಯಿತು. ಮಳೆಗಾಲದಲ್ಲಿ ಹೆಚ್ಚುವರಿ ನೀರು ಹೊತ್ತು ಸಾಗುವ ಗೋವರ್ಧನ ಕಾಲುವೆಯಿಂದ ಕೊಳವೆ ಹಾಕಿ ನೀರು ತರುವ ಯೋಜನೆ 2012ರ ಹೊತ್ತಿಗೆ ಮುಗಿಯಿತು. ಧೋಲಪುರದ ಕಡೆಯಿಂದ ಭರತಪುರಕ್ಕೆ ಬರುವ ಚಂಬಲ್ ಕುಡಿಯುವ ನೀರಿನ ಯೋಜನೆಯಲ್ಲೂ ಒಂದು ಪಾಲು ಘನಾಕ್ಕೆ ಮೀಸಲಾಯಿತು. ನೀರು ಬಂದಿತು, ಬಣ್ಣದ ಕೊಕ್ಕರೆಗಳು ಜಾಲಿ ಮರಗಳಿಗೆ ಮರಳಿದವು.

ಆದರೂ ಮೂರು ನೀರುಗಳು ಒಂದೇ ಅಲ್ಲ. ಕೊಳವೆಯಲ್ಲಿ ಬರುವ ಚಂಬಲ್ ನೀರಿನಲ್ಲಿ ನದಿಯ ಮೀನುಮರಿಗಳ ಸಂಪತ್ತಿಲ್ಲ. ಹೊಲಗಳನ್ನು ಬಸಿದು ಬರುವ ಗೋವರ್ಧನದ ನೀರಿನಲ್ಲಿ ಕೀಟನಾಶಕದ ಭಯವಿದೆ. ಅದು ಬರೀ ಊಹೆಯಲ್ಲ, 1980ರ ದಶಕದ ಕೊನೆಯಲ್ಲಿ ಘನಾದ ಅಂಚಿನಲ್ಲಿ ಆಲ್ಡ್ರಿನ್ ಬೆರೆತ ಬಿತ್ತನೆಯ ಕಾಳು ತಿಂದು ಸಾರಸಗಳು ಸತ್ತದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಹೊರಗಿನಿಂದ ಬಂದ ಆಫ್ರಿಕನ್ ಕ್ಯಾಟ್‌ಫಿಶ್ ಸ್ಥಳೀಯ ಮೀನುಗಳನ್ನೂ ಹಕ್ಕಿಮರಿಗಳನ್ನೂ ಬಿಡುವುದಿಲ್ಲ. ಅದನ್ನು ವರ್ಷವರ್ಷ ಹಿಡಿದು ತೆಗೆಯುವ ಕೆಲಸ ನಿಂತಿಲ್ಲ. ಅಂತರಗಂಗೆಯನ್ನು ಎಳೆದು ಹಾಕುವ ಕೆಲಸವೂ ಹಾಗೆಯೇ.

ಘನಾವನ್ನು ಇಷ್ಟು ಕಾಲ ಉಳಿಸಿದ್ದು ಅದರ ಹಳೆಯ ಜಲಮಾರ್ಗ. ಗಂಭೀರ್, ಅಜಾನ್ ಕಟ್ಟೆ, ಕಾಲುವೆ, ತೂಬು ಎಂಬ ಆ ಸರಣಿ ಮತ್ತೆ ಜೋಡಣೆಯಾಗಬೇಕು. ಪಾಂಚನಾದಲ್ಲಿ ಘನಾಕ್ಕೊಂದು ನಿಗದಿತ ಪಾಲಿರಬೇಕು, ಆ ಪಾಲನ್ನು ಕರೌಲಿಯ ರೈತರೂ ಭರತಪುರದ ಹಳ್ಳಿಗಳೂ ಒಟ್ಟಿಗೆ ಕೂತು ಒಪ್ಪಿರಬೇಕು. ಹಳ್ಳಿಯವರ ಒಪ್ಪಿಗೆ ಇಲ್ಲದ ಮೇಲಿನವರ ಆದೇಶ ಏನು ತರುತ್ತದೆ ಎಂಬುದನ್ನು 1982 ಮತ್ತು 2004 ಎರಡೂ ತೋರಿಸಿಕೊಟ್ಟಿವೆ. ನೀರು ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ. ಕೊಕ್ಕರೆಗಳು ಗೂಡಿಗೆ ಕಡ್ಡಿ ಕೂಡಿಸುವುದು ಆಗಸ್ಟ್ ಹೊತ್ತಿಗೆ. ಅಷ್ಟರೊಳಗೆ ಜಾಲಿಯ ಬುಡಕ್ಕೆ ನೀರೂ ನೀರಿನಲ್ಲಿ ಮೀನೂ ಬಂದಿರಬೇಕು. ಅಕ್ಟೋಬರಿನಲ್ಲಿ ಕೊಳ ತುಂಬಿಸಿದರೆ ಚಳಿಗಾಲದ ಬಾತುಗಳು ಇಳಿದಾವು, ಆ ವರ್ಷದ ಕೊಕ್ಕರೆ ಮರಿಗಳು ಮಾತ್ರ ಹುಟ್ಟುವುದಿಲ್ಲ.